ಹಳೆಯ ಶಾಲೆಗೆ ಹೊಸ ಕೊಠಡಿ: ಮಣ್ಣು, ಪಾಯ ಮತ್ತು ನಡುವಿನ ಸಂದು

ಶಾಲಾ ಕಟ್ಟಡಗಳ ವಿಸ್ತರಣೆಯ ಬಗ್ಗೆ ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ನೆಲ ಮತ್ತು ಪಾಯಕ್ಕೆ ಸಂಬಂಧಪಟ್ಟವನ್ನು ಮಾತ್ರ ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಒಂದೇ ಆಶಯದ ಪತ್ರಗಳನ್ನು ಒಟ್ಟುಗೂಡಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ಶಾಲೆಯ ಎರಡು ಅಂತಸ್ತಿನ ಕಟ್ಟಡಕ್ಕೆ ಒತ್ತಿಕೊಂಡಂತೆ ಕೆಲವು ಕೊಠಡಿಗಳನ್ನು ಕಟ್ಟಲು ತೀರ್ಮಾನಿಸಿದ್ದೇವೆ. ಹಳೆಯ ಕಟ್ಟಡ ಇಷ್ಟು ವರ್ಷಗಳಿಂದ ಬಿರುಕಿಲ್ಲದೆ ನಿಂತಿರುವುದರಿಂದ ಅದೇ ಆಳಕ್ಕೆ, ಅದೇ ಅಗಲಕ್ಕೆ ಪಾಯ ತೆಗೆದರೆ ಸಾಕು, ಮಣ್ಣು ಪರೀಕ್ಷೆ ದಂಡದ ಖರ್ಚು ಎಂದು ಗುತ್ತಿಗೆದಾರರು ಹೇಳುತ್ತಿದ್ದಾರೆ. ಈ ಮಾತನ್ನು ಒಪ್ಪಬಹುದೇ?
– ಆಡಳಿತ ಮಂಡಳಿಯ ಸದಸ್ಯರು

ಉತ್ತರ: ಒಪ್ಪುವಂತಿಲ್ಲ. ಹಳೆಯ ಕಟ್ಟಡ ಗಟ್ಟಿಯಾಗಿ ನಿಂತಿದೆ ಎಂಬುದು ಅದರ ಕೆಳಗಿರುವ ಮಣ್ಣಿಗೆ ಸಾಕ್ಷಿಯೇ ಹೊರತು ಪಕ್ಕದ ಮಣ್ಣಿಗೆ ಅಲ್ಲ. ಶಾಲೆ ಮೊದಲು ಕಟ್ಟುವಾಗ ಯಾರೇ ಆದರೂ ಆವರಣದಲ್ಲಿ ಎತ್ತರವಾದ, ನೀರು ನಿಲ್ಲದ, ಗಟ್ಟಿ ನೆಲವನ್ನೇ ಆರಿಸಿಕೊಂಡಿರುತ್ತಾರೆ. ವಿಸ್ತರಣೆಗೆ ಸಿಗುವುದು ಅಂದು ಬೇಡವೆಂದು ಬಿಟ್ಟ ಜಾಗ. ಅದಕ್ಕಿಂತಲೂ ಸಾಮಾನ್ಯವಾದ ಸಂಗತಿಯೆಂದರೆ, ಇಳಿಜಾರು ನೆಲವನ್ನು ಸಮತಟ್ಟು ಮಾಡುವಾಗ ಒಂದು ಬದಿಯ ದಿಬ್ಬವನ್ನು ಕಡಿದು ಇನ್ನೊಂದು ಬದಿಯ ತಗ್ಗಿಗೆ ಸುರಿದಿರುತ್ತಾರೆ. ಕಟ್ಟಡ ಕಡಿದ ಬದಿಯಲ್ಲಿ, ಆಟದ ಬಯಲು ತುಂಬಿದ ಬದಿಯಲ್ಲಿ ಉಳಿದುಬಿಡುತ್ತದೆ. ಮೇಲೆ ನಿಂತು ನೋಡಿದರೆ ಎರಡೂ ಒಂದೇ ನೆಲವಾಗಿ ಕಾಣುತ್ತದೆ, ಅಗೆದರೆ ಹತ್ತು ಮೀಟರ್ ಅಂತರದಲ್ಲಿ ಮಣ್ಣಿನ ಗುಣವೇ ಬದಲಾಗಿರುತ್ತದೆ. ಆದ್ದರಿಂದ ಆವರಣದ ಹಳೆಯ ನಕ್ಷೆಗಳಿದ್ದರೆ ಮೊದಲು ಹುಡುಕಿ ತೆಗೆಯಿರಿ. ಹಿಂದೆ ಅಲ್ಲಿ ಕೆಲಸ ಮಾಡಿದ ಜವಾನರು, ಹಳೆಯ ವಿದ್ಯಾರ್ಥಿಗಳು ಹೇಳುವ ಮಾತೂ ಇಲ್ಲಿ ಉಪಯುಕ್ತವೇ.

ಭಾರವೂ ಒಂದೇ ಬಗೆಯದಲ್ಲ. ಹಳೆಯ ಕಟ್ಟಡದಲ್ಲಿ ದಪ್ಪ ಗೋಡೆಗಳೇ ಭಾರ ಹೊತ್ತಿದ್ದರೆ ಆ ಭಾರ ಗೋಡೆಯ ಉದ್ದಕ್ಕೂ ಹಂಚಿಹೋಗಿರುತ್ತದೆ. ಹೊಸದನ್ನು ಕಾಲಂ ಮತ್ತು ಬೀಮ್‌ಗಳ ಮೇಲೆ ನಿಲ್ಲಿಸಿದರೆ ಅಷ್ಟೂ ಭಾರ ಕಾಲಂಗಳ ಬುಡದ ಅಗಲವಾದ ಕಾಂಕ್ರೀಟ್ ತಳಗಳಾದ ಕೆಲವೇ ಫುಟಿಂಗ್‌ಗಳಲ್ಲಿ ಒಂದೆಡೆ ಬೀಳುತ್ತದೆ. ಅಗಲವಾದ ಫುಟಿಂಗ್ ಹೆಚ್ಚು ಆಳದ ಮಣ್ಣನ್ನೂ ಒತ್ತುತ್ತದೆ: ಚೌಕಾಕಾರದ ಫುಟಿಂಗ್‌ನ ತಳದಲ್ಲಿರುವ ಒತ್ತಡದಲ್ಲಿ ಸುಮಾರು ಹತ್ತನೇ ಒಂದು ಭಾಗ, ಅದರ ಅಗಲದ ಎರಡರಷ್ಟು ಆಳದಲ್ಲಿಯೂ ಇರುತ್ತದೆ. 2 ಮೀಟರ್ ಅಗಲದ ಫುಟಿಂಗ್ ಇಡುವವರು ಅದರ ತಳದಿಂದ ಕೆಳಗೆ 4 ಮೀಟರ್‌ವರೆಗೆ ಏನಿದೆ ಎಂದು ತಿಳಿದಿರಬೇಕು ಎಂಬ ಲೆಕ್ಕ ಬರುವುದು ಇದರಿಂದಲೇ. ಎರಡು ಫುಟಿಂಗ್‌ಗಳು ಹತ್ತಿರವಿದ್ದರೆ ಅವುಗಳ ಒತ್ತಡ ಆಳದಲ್ಲಿ ಒಂದರ ಮೇಲೊಂದು ಕೂಡಿಕೊಳ್ಳುವುದರಿಂದ ಇನ್ನೂ ಕೆಳಗೆ ಇಳಿದು ನೋಡಬೇಕಾಗುತ್ತದೆ.

ಕೊರೆಬಾವಿಯಂತಹ ಪರೀಕ್ಷಾ ರಂಧ್ರಗಳು ಎಷ್ಟು ಬೇಕೆಂಬುದನ್ನು ಮಣ್ಣು ತಜ್ಞರೇ ನಿರ್ಧರಿಸಬೇಕು. ಆದರೂ ಚಿಕ್ಕ ವಿಸ್ತರಣೆಗೂ ಒಂದು ರಂಧ್ರ ಹಳೆಯ ಗೋಡೆಯ ಸಮೀಪದಲ್ಲಿ, ಇನ್ನೊಂದು ಅತಿ ದೂರದ ಮೂಲೆಯಲ್ಲಿ ಇರಲಿ ಎಂದು ಕೇಳುವುದು ನ್ಯಾಯ. ಈ ರಂಧ್ರಗಳಲ್ಲಿ 63.5 ಕಿಲೋ ತೂಕದ ಸುತ್ತಿಗೆಯನ್ನು ಸುಮಾರು 76 ಸೆಂ.ಮೀ. ಎತ್ತರದಿಂದ ಬೀಳಿಸುತ್ತಾ ಕೊಳವೆಯೊಂದನ್ನು ಮಣ್ಣಿಗೆ ಇಳಿಸುತ್ತಾರೆ. ಮೊದಲ 15 ಸೆಂ.ಮೀ. ಅನ್ನು ಲೆಕ್ಕಕ್ಕೆ ಹಿಡಿಯದೆ, ಮುಂದಿನ 30 ಸೆಂ.ಮೀ. ಇಳಿಯಲು ಬೇಕಾದ ಪೆಟ್ಟುಗಳನ್ನು ಎಣಿಸುತ್ತಾರೆ. ವರದಿಯಲ್ಲಿ ‘ಎನ್ ಮೌಲ್ಯ’ ಎಂದು ಬರೆಯುವುದು ಈ ಎಣಿಕೆಯನ್ನೇ. ವರದಿ ಕೈಗೆ ಬಂದಾಗ ಕೊನೆಯ ಪುಟದ ಒಂದು ಸಂಖ್ಯೆಯನ್ನು ಮಾತ್ರ ನೋಡಿ ಮಡಚಿಡಬೇಡಿ. ಮಣ್ಣು ಹೊರಬಲ್ಲ ಭಾರ ಎಷ್ಟು, ಆ ಭಾರಕ್ಕೆ ಅದು ಎಷ್ಟು ಕೂರುತ್ತದೆ, ಅಂತರ್ಜಲ ಯಾವ ಆಳದಲ್ಲಿ ಯಾವ ದಿನಾಂಕದಂದು ಕಂಡಿತು, ಮಣ್ಣು ಹಿಗ್ಗುವ ಜಾತಿಯದೇ, ಕಾಂಕ್ರೀಟನ್ನು ತಿನ್ನುವ ಸಲ್ಫೇಟ್ ಅದರಲ್ಲಿದೆಯೇ – ಇಷ್ಟನ್ನೂ ಅದು ಹೇಳಬೇಕು. ಬೇಸಿಗೆಯ ಕೊನೆಯಲ್ಲಿ ಅಳೆದ ಅಂತರ್ಜಲದ ಮಟ್ಟವನ್ನು ವರ್ಷವಿಡೀ ಇರುವ ಮಟ್ಟವೆಂದು ಭಾವಿಸಿ ಪಾಯ ವಿನ್ಯಾಸ ಮಾಡಿದರೆ ಮಳೆ ಬಂದಾಗ ಲೆಕ್ಕ ತಪ್ಪುತ್ತದೆ.

ಪ್ರಶ್ನೆ: ರಂಧ್ರ ಕೊರೆಯುವ ಬದಲು ಪಾಯದ ಗುಂಡಿಯಲ್ಲಿ ಉಕ್ಕಿನ ತಟ್ಟೆಯಿಟ್ಟು ಭಾರ ಹೇರಿ ನೋಡಿದರೆ ಸಾಲದೇ? ಅದು ಕಣ್ಣಿಗೆ ಕಾಣುವ ಪರೀಕ್ಷೆಯಲ್ಲವೇ?
– ಮೇಲಿನವರೇ

ಉತ್ತರ: ತಟ್ಟೆಯ ಪರೀಕ್ಷೆ ಪೂರಕವಾಗಬಹುದು, ಬದಲಿಯಾಗಲಾರದು. ತಟ್ಟೆಯ ಅಗಲ ಸಾಮಾನ್ಯವಾಗಿ 30ರಿಂದ 75 ಸೆಂ.ಮೀ.; ಮೇಲೆ ಹೇಳಿದ ಎರಡು ಪಟ್ಟಿನ ಲೆಕ್ಕದಂತೆ ಅದು ಹೆಚ್ಚೆಂದರೆ ಮೇಲಿನ ಒಂದೂವರೆ ಮೀಟರ್ ಮಣ್ಣನ್ನಷ್ಟೇ ವಿಚಾರಿಸುತ್ತದೆ. ಕೆನಡಾದ ಟ್ರಾನ್ಸ್‌ಕೋನಾದಲ್ಲಿ ಬೃಹತ್ ಧಾನ್ಯ ಕಣಜವೊಂದನ್ನು ಕಟ್ಟುವಾಗ ಗುಂಡಿಯ ತಳದಲ್ಲಿ ಇಂಥದ್ದೇ ಪರೀಕ್ಷೆ ನಡೆಸಿ, ಸುತ್ತಮುತ್ತಲಿನ ಕಟ್ಟಡಗಳ ಅನುಭವವನ್ನೂ ನಂಬಿ ಮುಂದುವರಿದರು. 1913ರ ಅಕ್ಟೋಬರ್‌ನಲ್ಲಿ ಧಾನ್ಯ ತುಂಬುತ್ತಿದ್ದಂತೆ ಅದು ಒಂದು ದಿನದೊಳಗೆ ಸುಮಾರು 27 ಡಿಗ್ರಿ ವಾಲಿತು. ಗಟ್ಟಿಯಾಗಿದ್ದ ಮೇಲಿನ ಜೇಡಿಯ ಕೆಳಗೆ ಮೆತ್ತನೆಯ ಜೇಡಿ ಇತ್ತು. ಸಣ್ಣ ತಟ್ಟೆಯ ಒತ್ತಡ ಅಲ್ಲಿಯವರೆಗೆ ತಲುಪಿರಲಿಲ್ಲ, ಅಗಲವಾದ ಕಟ್ಟಡದ ಒತ್ತಡ ತಲುಪಿತು.

ಪ್ರಶ್ನೆ: ಹೊಸ ಕೊಠಡಿಗಳ ಚಾವಣಿಯನ್ನು ಹಳೆಯ ಗೋಡೆಯ ಮೇಲೆಯೇ ಕೂರಿಸಿದರೆ ಒಂದು ಸಾಲು ಕಾಲಂ ಉಳಿಯುತ್ತದೆ, ಎರಡೂ ಕಟ್ಟಡ ಒಂದಕ್ಕೊಂದು ಆಸರೆಯಾಗುತ್ತವೆ ಎಂಬ ಸಲಹೆ ಬಂದಿದೆ. ಇದು ಸರಿಯೇ?
– ನಿವೃತ್ತ ಶಿಕ್ಷಕರು

ಉತ್ತರ: ವಿಸ್ತರಣೆಯ ಕೆಲಸದಲ್ಲಿ ಕಾಣುವ ಬಿರುಕುಗಳಲ್ಲಿ ಬಹುಪಾಲಿಗೆ ಮೂಲವೇ ಈ ಸಲಹೆ. ಹಳೆಯ ಕಟ್ಟಡದ ಕೆಳಗಿನ ಮಣ್ಣು ಅದರ ಭಾರಕ್ಕೆ ಕೂರಬೇಕಾದಷ್ಟು ಕೂತು ವಿಶ್ರಮಿಸಿದೆ. ಹೊಸದು ಈಗಷ್ಟೇ ಕೂರಲು ಆರಂಭಿಸುತ್ತದೆ. ಮರಳು ನೆಲವಾದರೆ ಕಟ್ಟುತ್ತಾ ಹೋದಂತೆಯೇ ಹೆಚ್ಚಿನ ಭಾಗ ಮುಗಿದುಬಿಡುತ್ತದೆ. ನೀರು ತುಂಬಿದ ಜೇಡಿಯಲ್ಲಿ ಮಾತ್ರ ಮಣ್ಣಿನ ಕಣಗಳ ನಡುವಿನ ನೀರು ನಿಧಾನವಾಗಿ ಹಿಂಡಿಕೊಂಡು ಹೊರಬರಬೇಕಾದ್ದರಿಂದ ವರ್ಷಗಟ್ಟಲೆ ಹಿಡಿಯುತ್ತದೆ, ಮತ್ತು ಜೇಡಿಯ ಪದರ ಎರಡು ಪಟ್ಟು ದಪ್ಪವಿದ್ದರೆ ಸಮಯ ನಾಲ್ಕು ಪಟ್ಟಾಗುತ್ತದೆ. ಒಂದು ನಿಂತಿದ್ದು ಇನ್ನೊಂದು ಇಳಿಯುತ್ತಿರುವಾಗ ಎರಡನ್ನೂ ಕಾಂಕ್ರೀಟಿನಿಂದ ಬೆಸೆದರೆ ಹರಿಯುವುದು ಬೆಸುಗೆಯೇ.

ಎಷ್ಟು ವ್ಯತ್ಯಾಸವನ್ನು ಗೋಡೆ ತಾಳುತ್ತದೆ ಎಂದರೆ, ಎರಡು ಕಾಲಂಗಳ ನಡುವಿನ ಇಳಿತದ ವ್ಯತ್ಯಾಸ ಅವುಗಳ ಅಂತರದ 300ರಲ್ಲಿ ಒಂದು ಭಾಗ ಮುಟ್ಟಿದಾಗ ಗೋಡೆಗಳಲ್ಲಿ ಬಿರುಕು ಶುರುವಾಗಬಹುದು, 150ರಲ್ಲಿ ಒಂದು ಭಾಗದ ಹೊತ್ತಿಗೆ ಕಟ್ಟಡದ ಅಸ್ಥಿಪಂಜರಕ್ಕೇ ಅಪಾಯ ಎಂಬುದು ತಜ್ಞರು ಬಹುಕಾಲದಿಂದ ಬಳಸುವ ಅಳತೆ. ಬಿರುಕೇ ಬೇಡವೆನ್ನುವವರು 500ರಲ್ಲಿ ಒಂದನ್ನು ಮಿತಿಯಾಗಿ ಹಿಡಿಯುತ್ತಾರೆ. 6 ಮೀಟರ್ ಅಂತರದ ಕಾಲಂಗಳಿಗೆ ಅದು ಕೇವಲ 12 ಮಿ.ಮೀ. ಆಗುತ್ತದೆ. ಹೊಸ ಫುಟಿಂಗ್ ಒಂದೇ 25 ಮಿ.ಮೀ. ಕೂರುವುದು ವಿನ್ಯಾಸದಲ್ಲಿ ಸಹಜವಾಗಿ ಒಪ್ಪುವ ಸಂಗತಿ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಬೆಸೆಯುವ ಆಸೆ ಏಕೆ ಬಿಡಬೇಕೆಂದು ತಿಳಿಯುತ್ತದೆ.

ಆದ್ದರಿಂದ ಪಾಯದಿಂದ ಚಾವಣಿಯವರೆಗೆ ಪೂರ್ತಿ ಸಂದು ಬಿಡಿ. ಹೊಸ ಕಟ್ಟಡ ತನ್ನದೇ ಕಾಲಂಗಳ ಮೇಲೆ ನಿಲ್ಲಲಿ. ಸಂದಿನ ಅಗಲವನ್ನು ಎಂಜಿನಿಯರ್ ನಿರ್ಧರಿಸುತ್ತಾರೆ. ಭೂಕಂಪದ ವಲಯದಲ್ಲಿ ಎರಡೂ ಕಟ್ಟಡ ತೂಗಾಡಿ ಒಂದಕ್ಕೊಂದು ಬಡಿಯದಷ್ಟು ಅಂತರ ಬೇಕಾದ್ದರಿಂದ ಎತ್ತರ ಹೆಚ್ಚಿದಂತೆ ಅದೂ ಹೆಚ್ಚುತ್ತದೆ. ಕೆಲಸ ನಡೆಯುವಾಗ ಈ ಸಂದಿನಲ್ಲಿ ಗಾರೆ, ಇಟ್ಟಿಗೆ ಚೂರು, ಸೆಂಟ್ರಿಂಗ್ ಹಲಗೆಯ ತುಂಡು ಬಿದ್ದು ಗಟ್ಟಿಯಾದರೆ ನಕ್ಷೆಯಲ್ಲಿ ಮಾತ್ರ ಸಂದು ಉಳಿಯುತ್ತದೆ. ಮೆತ್ತನೆಯ ಹಾಳೆಯನ್ನು ಮೊದಲೇ ನಿಲ್ಲಿಸಿ ಕಾಂಕ್ರೀಟ್ ಹಾಕಬೇಕು, ಪ್ರತಿ ಅಂತಸ್ತಿನಲ್ಲೂ ಟಾರ್ಚ್ ಹಿಡಿದು ಒಳಗೆ ನೋಡಬೇಕು. ಮಕ್ಕಳು ಓಡಾಡುವ ಹಜಾರದಲ್ಲಿ ಸಂದಿಗೆ ಅಡ್ಡಲಾಗಿ ನೆಲದ ಮಟ್ಟ ಒಂದು ಬೆರಳಷ್ಟು ತಗ್ಗಿದರೂ ಎಡವುತ್ತಾರೆ. ಆ ಭಾಗದ ನೆಲಹಾಸನ್ನು ಎಲ್ಲಕ್ಕಿಂತ ಕೊನೆಗೆ, ಗೋಡೆ ಚಾವಣಿಗಳ ಭಾರವೆಲ್ಲ ಬಿದ್ದ ಮೇಲೆ ಹಾಕಿಸಿ, ಸಂದಿನ ಮೇಲೆ ಒಂದು ಬದಿಗೆ ಮಾತ್ರ ಬಿಗಿದ ಲೋಹದ ಪಟ್ಟಿ ಕೂರಿಸಿ.

ಇನ್ನೊಂದು ತೊಡಕಿದೆ. ಹಳೆಯ ಪಾಯ ಗೋಡೆಯ ಗೆರೆಯಿಂದ ಹೊರಕ್ಕೆ ಚಾಚಿರುವುದರಿಂದ ಹೊಸ ಕಾಲಂಗೆ ಅದರ ಪಕ್ಕದಲ್ಲಿ ಪೂರ್ತಿ ಫುಟಿಂಗ್ ಇಡಲು ಜಾಗವಿರುವುದಿಲ್ಲ. ಒಂದು ಬದಿಗೆ ಮಾತ್ರ ಚಾಚಿದ ಫುಟಿಂಗ್ ಇಟ್ಟು ಅದನ್ನು ಒಳಗಿನ ಫುಟಿಂಗ್‌ಗೆ ಬೀಮ್‌ನಿಂದ ಕಟ್ಟುವ ವಿಧಾನ ಬಳಕೆಯಲ್ಲಿದೆ. ನನ್ನ ಒಲವು ಇನ್ನೊಂದರ ಕಡೆಗೆ: ಮೊದಲ ಸಾಲಿನ ಕಾಲಂಗಳನ್ನು ಒಂದೂವರೆ ಎರಡು ಮೀಟರ್ ಹಿಂದಕ್ಕೆ ಸರಿಸಿ, ನೆಲ ಮತ್ತು ಚಾವಣಿಯನ್ನು ಅಲ್ಲಿಂದ ಹಳೆಯ ಗೋಡೆಯತ್ತ ಚಾಚುವುದು. ಆಗ ಹೊಸ ಭಾರ ಹಳೆಯ ಪಾಯದ ಕೆಳಗಿನ ಮಣ್ಣನ್ನು ಮತ್ತೆ ಒತ್ತುವುದು ಕಡಿಮೆಯಾಗುತ್ತದೆ. ಹಾಗೆ ಒತ್ತಿದರೆ ಬಿರುಕು ಬೀಳುವುದು ಹೊಸ ಕಟ್ಟಡದಲ್ಲಲ್ಲ, ಹಳೆಯದರಲ್ಲಿ.

ಪ್ರಶ್ನೆ: ಹಳೆಯ ಪಾಯಕ್ಕಿಂತ ಆಳವಾಗಿ ಹೊಸ ಪಾಯ ತೆಗೆಯಬೇಕಾಗಿ ಬಂದರೆ ಏನು ಮಾಡಬೇಕು? ಗುಂಡಿಯಲ್ಲಿ ನೀರೂ ಬರುತ್ತಿದೆ.
– ಕಿರಿಯ ಎಂಜಿನಿಯರ್

ಉತ್ತರ: ಮೊದಲು ಹಳೆಯ ಪಾಯ ಎಲ್ಲಿ ನಿಂತಿದೆ ಎಂಬುದನ್ನು ಕಣ್ಣಾರೆ ನೋಡಿ. ಗೋಡೆಗೆ ತಾಗಿದಂತೆ ಎರಡು ಮೂರು ಕಡೆ ಚಿಕ್ಕ ಗುಂಡಿಗಳನ್ನು ಗುದ್ದಲಿಯಿಂದ ತೋಡಿಸಿ, ತಳ ಕಂಡೊಡನೆ ಅಳತೆ ತೆಗೆದು ಮುಚ್ಚಿಸಿ. ಹಳೆಯ ನಕ್ಷೆಯಲ್ಲಿ ಒಂದೂವರೆ ಮೀಟರ್ ಎಂದಿದ್ದುದು ನೆಲದಲ್ಲಿ ಮುಕ್ಕಾಲು ಮೀಟರ್ ಆಗಿರುವ ಪ್ರಸಂಗಗಳು ಅಪರೂಪವಲ್ಲ.

ಹಳೆಯ ಫುಟಿಂಗ್‌ನ ಕೆಳ ಅಂಚಿನಿಂದ ಹೊರಕ್ಕೆ ಓರೆಯಾಗಿ ಒಂದು ಗೆರೆ ಎಳೆದುಕೊಳ್ಳಿ. ಜೇಡಿಯಲ್ಲಿ ಎರಡು ಅಳತೆ ಅಡ್ಡಕ್ಕೆ ಒಂದು ಅಳತೆ ಇಳಿತ ಎಂಬುದು ರೂಢಿಯ ಲೆಕ್ಕ. ನಿಮ್ಮ ಗುಂಡಿ ಆ ಗೆರೆಯ ಮೇಲೆಯೇ ಉಳಿದರೆ ಹಳೆಯ ಪಾಯಕ್ಕೆ ಆಸರೆ ತಪ್ಪುವುದಿಲ್ಲ. ಗೆರೆ ದಾಟಿ ಇಳಿಯಬೇಕಾದರೆ ಹಳೆಯ ಪಾಯವನ್ನು ಮೊದಲು ಕೆಳಕ್ಕೆ ಇಳಿಸಿಕೊಳ್ಳಬೇಕು. ಇದನ್ನು ಗೋಡೆಯ ಉದ್ದಕ್ಕೂ ಒಂದೇ ಬಾರಿಗೆ ಅಗೆದು ಮಾಡುವಂತಿಲ್ಲ. ಒಂದರಿಂದ ಒಂದೂವರೆ ಮೀಟರ್ ಅಗಲದ ತುಂಡುಗಳಾಗಿ ಗುರುತು ಮಾಡಿ, ಅಕ್ಕಪಕ್ಕದ ತುಂಡುಗಳು ಒಟ್ಟಿಗೆ ತೆರೆಯದಂತೆ ನಡುನಡುವೆ ಬಿಟ್ಟು ಅಗೆದು ಕಾಂಕ್ರೀಟ್ ತುಂಬಿಸಬೇಕು. ಹೊಸ ಕಾಂಕ್ರೀಟಿಗೂ ಹಳೆಯ ತಳಕ್ಕೂ ನಡುವೆ 5ರಿಂದ 7 ಸೆಂ.ಮೀ. ಖಾಲಿ ಬಿಟ್ಟು, ಕಾಂಕ್ರೀಟ್ ಗಟ್ಟಿಯಾದ ಮೇಲೆ ಆ ಜಾಗಕ್ಕೆ ಬಹಳ ಕಡಿಮೆ ನೀರು ಬೆರೆಸಿದ ಗಾರೆಯನ್ನು ಬಡಿದು ಬಡಿದು ತುರುಕಬೇಕು. ಈ ಕೆಲಸಕ್ಕೆ ಅನುಭವಿ ತಂಡವೇ ಆಗಬೇಕು. ಸಾಮಾನ್ಯ ಪಾಯದ ಕೂಲಿಗೆ ಇದನ್ನು ಸೇರಿಸಿ ಮಾತನಾಡಿದ ಗುತ್ತಿಗೆಯನ್ನು ನಾನು ಅನುಮಾನದಿಂದಲೇ ನೋಡುತ್ತೇನೆ.

ನೀರಿನ ವಿಷಯದಲ್ಲಿ ಪಂಪಿನಿಂದ ಬರುವ ನೀರನ್ನು ಬಕೆಟ್ಟಿಗೆ ಹಿಡಿದು ಸ್ವಲ್ಪ ಹೊತ್ತು ಬಿಡಿ. ತಳದಲ್ಲಿ ಸಣ್ಣ ಮರಳು ಅಥವಾ ಹೂಳು ಕೂತರೆ ಅದು ಹಳೆಯ ಪಾಯದ ಕೆಳಗಿನಿಂದ ಬಂದ ಮಣ್ಣೂ ಆಗಿರಬಹುದು. ಪಂಪನ್ನು ನಿಲ್ಲಿಸಿ ಶೋಧಕವಿರುವ ಬಾವಿಗಳ ವ್ಯವಸ್ಥೆಗೆ ತಜ್ಞರನ್ನು ಕೇಳಿ. ಕೆಲಸಕ್ಕೆ ಮುಂಚೆ ಹಳೆಯ ಗೋಡೆಗಳ ಪ್ರತಿ ಬಿರುಕಿನ ತುದಿಗೂ ಗೆರೆ ಎಳೆದು ದಿನಾಂಕ ಬರೆದು, ಛಾಯಾಚಿತ್ರ ತೆಗೆದಿಟ್ಟುಕೊಂಡರೆ ಬಿರುಕು ಬೆಳೆಯಿತೇ ಇಲ್ಲವೇ ಎಂಬ ವಾದಕ್ಕೆ ಅವಕಾಶವಿರುವುದಿಲ್ಲ.

ಪ್ರಶ್ನೆ: ನಮ್ಮದು ಎರೆಮಣ್ಣಿನ ನೆಲ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಒಂದೇ ಅಂತಸ್ತಿನ ಹಗುರವಾದ ಕೊಠಡಿ ಕಟ್ಟಿದರೆ ತೊಂದರೆ ಇರುವುದಿಲ್ಲವಲ್ಲ?
– ಶಾಲಾ ಸಮಿತಿಯ ಅಧ್ಯಕ್ಷರು

ಉತ್ತರ: ಎರೆಮಣ್ಣಿನಲ್ಲಿ ಹಗುರ ಕಟ್ಟಡಕ್ಕೇ ತೊಂದರೆ ಹೆಚ್ಚು. ನೀರು ಕುಡಿದ ಮಣ್ಣು ಹಿಗ್ಗಿ ಮೇಲಕ್ಕೆ ಒತ್ತುವಾಗ ಅದನ್ನು ಅದುಮಿಡುವಷ್ಟು ಭಾರ ಒಂದಂತಸ್ತಿನ ಕೊಠಡಿಯಲ್ಲಿ ಇರುವುದಿಲ್ಲ. ಅಂಚುಗಳು ನೆನೆದು ಒಣಗುತ್ತಿರುತ್ತವೆ, ನಡುಭಾಗ ಮುಚ್ಚಿಕೊಂಡು ತೇವವಾಗಿಯೇ ಇರುತ್ತದೆ. ಈ ಎಳೆದಾಟದಲ್ಲಿ ಕಿಟಕಿಯ ಮೂಲೆಗಳಿಂದ ಓರೆ ಬಿರುಕುಗಳು ಹೊರಡುತ್ತವೆ.

ಮಣ್ಣು ಎಷ್ಟು ಹಿಗ್ಗುತ್ತದೆ ಎಂದು ಅಂದಾಜಿಸಲು ಸರಳ ಪರೀಕ್ಷೆಯೊಂದಿದೆ. ಜರಡಿ ಹಿಡಿದ ಒಣ ಮಣ್ಣನ್ನು 10 ಗ್ರಾಂನಂತೆ ಎರಡು ಗಾಜಿನ ಅಳತೆಪಾತ್ರೆಗಳಿಗೆ ಹಾಕಿ, ಒಂದಕ್ಕೆ ನೀರನ್ನೂ ಇನ್ನೊಂದಕ್ಕೆ ಸೀಮೆಎಣ್ಣೆಯನ್ನೂ ತುಂಬಿ ಒಂದು ದಿನ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಹಿಗ್ಗುವುದಿಲ್ಲ. ನೀರಿನಲ್ಲಿರುವ ಮಣ್ಣು ಅದಕ್ಕಿಂತ ಅರ್ಧಪಟ್ಟಿಗಿಂತ ಹೆಚ್ಚು ಉಬ್ಬಿದ್ದರೆ, ಅಂದರೆ ಶೇ. 50 ದಾಟಿದರೆ, ಅದನ್ನು ಅಪಾಯದ ಮಣ್ಣೆಂದು ಪರಿಗಣಿಸಬೇಕು.

ಎರೆಯ ಪದರ ತೆಳುವಾಗಿದ್ದರೆ ಅದನ್ನು ಪೂರ್ತಿ ತೆಗೆದು ಕೆಳಗಿನ ಗಟ್ಟಿ ನೆಲದ ಮೇಲೆ ಫುಟಿಂಗ್ ಇಡುವುದೇ ನೇರವಾದ ದಾರಿ. ಆಳವಾಗಿದ್ದರೆ, ತೇವಾಂಶ ವರ್ಷವಿಡೀ ಬದಲಾಗದ ಆಳಕ್ಕೆ ಇಳಿದು ತಳದಲ್ಲಿ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟ್ ಕಂಬಗಳಾದ ಪೈಲ್‌ಗಳನ್ನು ಹಾಕಿ, ಅವುಗಳ ಮೇಲಿನ ಬೀಮ್‌ಗೂ ನೆಲಕ್ಕೂ ನಡುವೆ ಮಣ್ಣು ಉಬ್ಬಲು ಖಾಲಿ ಜಾಗ ಬಿಡುತ್ತಾರೆ. ಆ ಗಡ್ಡೆಯ ವ್ಯಾಸ ಸಾಮಾನ್ಯವಾಗಿ ಕಾಂಡದ ಎರಡೂವರೆ ಪಟ್ಟು. ಖಾಲಿ ಜಾಗವನ್ನು ಅಂದಗೆಟ್ಟಿತೆಂದು ಮಣ್ಣಿನಿಂದ ಮುಚ್ಚುವ ಮೇಸ್ತ್ರಿಗಳಿದ್ದಾರೆ, ಗಮನವಿರಲಿ. ಎರೆಗೆ ಸುಣ್ಣ ಬೆರೆಸಿ ಹಿಗ್ಗುವ ಗುಣ ಕಡಿಮೆ ಮಾಡುವುದೂ ಪರಿಣಾಮಕಾರಿಯೇ. ಆದರೆ ಮಣ್ಣಿನಲ್ಲಿ ಸಲ್ಫೇಟ್ ಹೆಚ್ಚಿದ್ದರೆ ಸುಣ್ಣ ಅದರೊಡನೆ ಸೇರಿ ಇನ್ನಷ್ಟು ಉಬ್ಬಿಸುತ್ತದೆ. ಹಾಗಾಗಿ ಪರೀಕ್ಷೆಯಿಲ್ಲದೆ ಸುಣ್ಣ ಬೇಡ.

ಯಾವ ಪಾಯವಾದರೂ ಕಟ್ಟಡದ ಸುತ್ತ ಹೊರಕ್ಕೆ ಇಳಿಜಾರಾದ ಗಟ್ಟಿ ನೆಲಗಟ್ಟು ಇರಲಿ, ಚಾವಣಿಯ ನೀರು ಪಾಯದ ಬುಡದಲ್ಲಿ ಸುರಿಯದಿರಲಿ. ಬೇರು ಹಬ್ಬುವ ಮರಗಳನ್ನು ಅವು ಬೆಳೆಯುವ ಎತ್ತರದಷ್ಟಾದರೂ ದೂರ ನೆಡಿ. ಅಂಥ ದೊಡ್ಡ ಮರವೊಂದು ಈಗಾಗಲೇ ಆ ಜಾಗದಲ್ಲಿದ್ದು ಅದನ್ನು ಕಡಿದರೆ, ಬೇರುಗಳು ಹೀರುತ್ತಿದ್ದ ನೀರು ಮಣ್ಣಿನಲ್ಲೇ ಉಳಿದು ಕೆಲವು ವರ್ಷಗಳವರೆಗೂ ನೆಲ ಉಬ್ಬುತ್ತಿರಬಹುದು.

ಪ್ರಶ್ನೆ: ಪಾಯ ಅಗೆಯುವಾಗ ಒಂದು ಮೂಲೆಯಲ್ಲಿ ಮುಚ್ಚಿದ ಹಳೆಯ ಶೌಚಗುಂಡಿ ಸಿಕ್ಕಿದೆ.
– ಗುತ್ತಿಗೆದಾರರು

ಉತ್ತರ: ಅದರಲ್ಲಿರುವ ಕೆಸರು, ಕಸ, ಸಡಿಲ ಮಣ್ಣನ್ನೆಲ್ಲ ತೆಗೆದು ಮೂಲ ನೆಲ ಕಾಣುವವರೆಗೆ ಇಳಿಯಿರಿ, ತಗ್ಗನ್ನು ಸಿಮೆಂಟ್ ಕಡಿಮೆಯಿರುವ ಬಡ ಕಾಂಕ್ರೀಟಿನಿಂದ ತುಂಬಿಸಿ. ಗುಂಡಿ ದೊಡ್ಡದಾಗಿದ್ದರೆ ಫುಟಿಂಗ್‌ನ ಅರ್ಧ ಕಾಂಕ್ರೀಟಿನ ಮೇಲೂ ಅರ್ಧ ಮಣ್ಣಿನ ಮೇಲೂ ಕೂರದಂತೆ ವಿನ್ಯಾಸಕಾರರಿಂದ ನಕ್ಷೆ ತಿದ್ದಿಸಿಕೊಳ್ಳಿ. ಒಳಗೆ ವಿಷಾನಿಲ ಇರಬಹುದಾದ್ದರಿಂದ ಗಾಳಿ ಪರೀಕ್ಷಿಸದೆ ಯಾರನ್ನೂ ಇಳಿಸಬೇಡಿ.

ಪ್ರಶ್ನೆ: ಹಿಂದೆ ಕಟ್ಟಿಸಿದ ಕೊಠಡಿಯಲ್ಲಿ ಗೋಡೆಗಳು ನೆಟ್ಟಗಿವೆ, ಆದರೆ ನೆಲ ಮಾತ್ರ ತಟ್ಟೆಯಂತೆ ಕುಸಿದು ಹಾಸುಗಲ್ಲುಗಳು ಎದ್ದಿವೆ. ಹೊಸ ಕೊಠಡಿಗಳಲ್ಲಿ ಇದನ್ನು ತಪ್ಪಿಸುವುದು ಹೇಗೆ?
– ಮುಖ್ಯೋಪಾಧ್ಯಾಯಿನಿ

ಉತ್ತರ: ನಿಮ್ಮ ಪಾಯ ಚೆನ್ನಾಗಿದೆ, ಅದರೊಳಗೆ ತುಂಬಿದ ಮಣ್ಣು ಚೆನ್ನಾಗಿಲ್ಲ. ನೆಲಮಟ್ಟದಲ್ಲಿ ಗೋಡೆಯ ಕೆಳಗೆ ಬರುವ ಪ್ಲಿಂತ್ ಬೀಮ್ ಮುಗಿದೊಡನೆ ಗುಂಡಿಯಿಂದ ತೆಗೆದ ಮಣ್ಣನ್ನೇ ಯಂತ್ರದಿಂದ ಒಳಕ್ಕೆ ತಳ್ಳಿ, ಮೇಲೆ ನೀರು ಬಿಟ್ಟು, ‘ತಾನಾಗಿ ಕೂರುತ್ತದೆ’ ಎಂದು ಮರುವಾರ ನೆಲದ ಕಾಂಕ್ರೀಟ್ ಹಾಕಿರುತ್ತಾರೆ. ಶುದ್ಧ ಮರಳಿಗೆ ನೀರು ಕಟ್ಟುವುದರಿಂದ ಸ್ವಲ್ಪ ಪ್ರಯೋಜನವಿದೆ. ಜೇಡಿ ಬೆರೆತ ಮಣ್ಣಿಗೆ ನೀರು ಕಟ್ಟಿದರೆ ಅದು ಕೆಸರಾಗುತ್ತದೆ, ಒಣಗುತ್ತಾ ಕುಗ್ಗುತ್ತದೆ, ಕಾಂಕ್ರೀಟಿನ ಕೆಳಗೆ ಪೊಳ್ಳಾಗುತ್ತದೆ.

ಮಣ್ಣು ಗಟ್ಟಿಯಾಗಿ ಕೂರಲು ನೀರು ಹದವಾಗಿರಬೇಕು ಎಂಬುದನ್ನು ಅಳತೆಗೆ ತಂದವರು ಅಮೆರಿಕದ ಎಂಜಿನಿಯರ್ ಪ್ರಾಕ್ಟರ್. ಮಣ್ಣಿನ ಅಣೆಕಟ್ಟುಗಳ ಕೆಲಸದಲ್ಲಿದ್ದ ಅವರು 1933ರಲ್ಲಿ ಪ್ರಕಟಿಸಿದ ವಿಧಾನವೇ ಇಂದಿಗೂ ಎಲ್ಲ ಕಡೆ ಬಳಕೆಯಲ್ಲಿದೆ. ನೀರು ಕಡಿಮೆಯಾದರೆ ಕಣಗಳು ಒಂದರ ಮೇಲೊಂದು ಜಾರುವುದಿಲ್ಲ, ಹೆಚ್ಚಾದರೆ ನೀರೇ ಜಾಗ ಹಿಡಿದುಕೊಳ್ಳುತ್ತದೆ. ನಡುವೆ ಒಂದು ಹದದಲ್ಲಿ ಮಾತ್ರ ಅತ್ಯಧಿಕ ಸಾಂದ್ರತೆ ಬರುತ್ತದೆ. ಪ್ರಯೋಗಾಲಯದಲ್ಲಿ ದೊರೆತ ಆ ಸಾಂದ್ರತೆಯ ಶೇ. 95 ಆದರೂ ನೆಲದಲ್ಲಿ ಬಂದಿರಬೇಕೆಂದು ಕರಾರಿನಲ್ಲಿ ಬರೆಸಿ.

ಮಣ್ಣನ್ನು 15ರಿಂದ 20 ಸೆಂ.ಮೀ. ಪದರಗಳಲ್ಲಿ ಹರಡಿ ಒಂದೊಂದನ್ನೂ ದಮ್ಮಸ್ಸು ಮಾಡಬೇಕು. ಪ್ಲಿಂತ್ ಗೋಡೆಯ ಒಳಬದಿಗೆ ಇಟ್ಟಿಗೆಯ ಚೂರಿನಿಂದ ಪದರಗಳ ಗುರುತು ಹಾಕಿಸಿದರೆ ಯಾವ ದಿನ ಎಷ್ಟು ತುಂಬಿದರು ಎಂದು ನೀವೇ ನೋಡಬಹುದು. ಹದ ನೋಡಲು ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ: ಉಂಡೆ ಕಟ್ಟಬೇಕು, ಬೆರಳಿನಿಂದ ಒತ್ತಿದರೆ ಎರಡು ಮೂರು ಹೋಳಾಗಿ ಸ್ವಚ್ಛವಾಗಿ ಒಡೆಯಬೇಕು. ಪುಡಿಪುಡಿಯಾದರೆ ನೀರು ಸಾಲದು, ಅಂಗೈ ಒದ್ದೆಯಾದರೆ ಹೆಚ್ಚಾಗಿದೆ. ಗೋಡೆಯ ಮೂಲೆಗಳಲ್ಲಿ ಮತ್ತು ಕೊಳವೆಗಳ ಅಕ್ಕಪಕ್ಕದಲ್ಲಿ ಯಂತ್ರ ತಲುಪದೆ ಮಣ್ಣು ಸಡಿಲ ಉಳಿಯುತ್ತದೆ; ಅಲ್ಲಿ ಪದರ ಇನ್ನೂ ತೆಳುವಾಗಿರಲಿ, ಕೈ ದಮ್ಮಸ್ಸೇ ಆಗಲಿ. ಪರಿಶೀಲನೆಗೆ ಒಂದು ಲೀಟರ್ ಹಿಡಿಯುವ ಉಕ್ಕಿನ ಬಳೆಯನ್ನು ಪದರಕ್ಕೆ ಬಡಿದಿಳಿಸಿ, ತುಂಬಿ ಬಂದ ಮಣ್ಣನ್ನು ತೂಗಿ, ಒಣಗಿಸಿ ಮತ್ತೆ ತೂಗಿದರೆ ಲೆಕ್ಕ ಸಿಗುತ್ತದೆ. ಕಲ್ಲುಗಳಿರುವ ಮಣ್ಣಾದರೆ ಬಳೆ ಇಳಿಯುವುದಿಲ್ಲ, ಗುಂಡಿ ತೋಡಿ ಮರಳು ಸುರಿದು ಅಳೆಯುವ ಇನ್ನೊಂದು ಕ್ರಮವಿದೆ. ಮೇಲ್ಮಣ್ಣು, ಹುಲ್ಲು, ಬೇರು, ಎರೆ ಇವು ಯಾವುವೂ ಭರ್ತಿಗೆ ಬೇಡ. ಜೇಡಿ ಕಡಿಮೆಯಿರುವ ಗರಸು ಮಣ್ಣು ಒಳ್ಳೆಯದು.

ಪ್ರಶ್ನೆ: ತರಗತಿಗಳು ನಡೆಯುತ್ತಿರುವಾಗಲೇ ಪಾಯದ ಕೆಲಸ ಆರಂಭಿಸಬಹುದೇ?
– ಮೇಲಿನವರೇ

ಉತ್ತರ: ಅಗೆತವನ್ನಾದರೂ ರಜೆಯಲ್ಲಿ ಮುಗಿಸಿಕೊಳ್ಳುವುದು ಉತ್ತಮ. ಒಂದು ಘನ ಮೀಟರ್ ಮಣ್ಣಿನ ತೂಕ ಒಂದೂವರೆಯಿಂದ ಎರಡು ಟನ್. ಗುಂಡಿಯ ಗೋಡೆ ಕುಸಿದರೆ ಎದೆಯವರೆಗೆ ಹೂತವರೂ ಉಸಿರಾಡಲಾರರು. ಒಂದೂವರೆ ಮೀಟರ್‌ನಷ್ಟು ಆಳವಾಗುವ ಗುಂಡಿಗೆ ಹಲಗೆಯ ಆಸರೆ ಕೊಡಿ ಅಥವಾ ಬದಿಗಳನ್ನು ಇಳಿಜಾರಾಗಿ ಕತ್ತರಿಸಿ. ತೆಗೆದ ಮಣ್ಣನ್ನು ಅಂಚಿನಿಂದ ಕನಿಷ್ಠ ಒಂದು ಮೀಟರ್ ದೂರ ಹಾಕಿಸಿ. ಹಗ್ಗ ಅಥವಾ ಪಟ್ಟಿ ಕಟ್ಟುವುದು ಮಕ್ಕಳ ಮಟ್ಟಿಗೆ ಬೇಲಿಯಲ್ಲ, ಹತ್ತಲಾಗದ ಗಟ್ಟಿ ತಗಡಿನ ಬೇಲಿಯೇ ಬೇಕು. ಲಾರಿಗಳ ದಾರಿ ಮಕ್ಕಳ ದಾರಿಯಿಂದ ಬೇರೆಯಾಗಿರಬೇಕು.

ಪ್ರಶ್ನೆ: ಪಾಯದ ಗುಂಡಿಗಳು ಸಿದ್ಧವಾದ ರಾತ್ರಿಯೇ ಮಳೆ ಬಂದು ನೀರು ತುಂಬಿತು. ನೀರು ಎತ್ತಿ ಹಾಕಿ, ಗುಂಡಿಯ ತಳಕ್ಕೆ ಹಾಸುವ ಬೆಡ್ ಕಾಂಕ್ರೀಟ್ ಹಾಕಬಹುದೇ?
– ಕಿರಿಯ ಎಂಜಿನಿಯರ್

ಉತ್ತರ: ನೀರು ಎತ್ತಿದರೆ ಸಾಲದು, ನೀರಿನಿಂದ ಮೆತ್ತಗಾದ ಮಣ್ಣನ್ನೂ ಕೆರೆದು ತೆಗೆಯಬೇಕು. ಗುಂಡಿಗಿಳಿದು ಹಿಮ್ಮಡಿಯಿಂದ ಒತ್ತಿ ನೋಡಿ, ಗುರುತು ಮೂಡಿದರೆ ಇನ್ನೂ ಕೆರೆಯಿರಿ. ಹೀಗೆ ಕೆರೆದು ಹೆಚ್ಚಾದ ಆಳವನ್ನು ಅಗೆದ ಮಣ್ಣಿನಿಂದಲ್ಲ, ಬಡ ಕಾಂಕ್ರೀಟಿನಿಂದಲೇ ತುಂಬಿಸಿ. ಉಳಿದ ಗುಂಡಿಗಳಲ್ಲಿ ಕೊನೆಯ 15 ಸೆಂ.ಮೀ. ಮಣ್ಣನ್ನು ಹಾಗೇ ಬಿಟ್ಟು, ಬೆಡ್ ಕಾಂಕ್ರೀಟ್ ಹಾಕುವ ದಿನವೇ ಕೈಯಿಂದ ಅಗೆಸಿದರೆ ಮತ್ತೆ ಮಳೆ ಬಂದರೂ ಕೆಡುವುದು ಆ ಬಿಟ್ಟ ಮಣ್ಣು ಮಾತ್ರ.